ಗಾದೆ ಸೈಟ್ ಕಟ್ಟುತ್ತಾ ಫ್ರಂಟ್‌ಎಂಡ್ ಕಲಿಯಬೇಕು: ಎಲ್ಲಿಂದ ಶುರು ಮಾಡಲಿ?

ಹಿತ್ತಲಗಿಡ:

ಎಲ್ಲರಿಗೂ ನಮಸ್ಕಾರ. ಎಚ್‌ಟಿಎಂಎಲ್ (ಪುಟದ ರಚನೆ), ಸಿಎಸ್‌ಎಸ್ (ಪುಟದ ಅಲಂಕಾರ) ವಿಡಿಯೋಗಳನ್ನು ನೋಡಿ ಮುಗಿಸಿದ್ದೇನೆ. ನೋಡುವಾಗ ಎಲ್ಲ ಗೊತ್ತಾಗುತ್ತೆ, ಖಾಲಿ ಫೈಲ್ ತೆರೆದು ಕೂತರೆ ಕೈ ಓಡಲ್ಲ. ಇನ್ನೊಂದು ಕೋರ್ಸ್ ಹಿಡಿಯುವ ಬದಲು ಒಂದು ಸೈಟನ್ನೇ ಕಟ್ಟುತ್ತಾ ಕಲಿಯೋಣ ಅಂತಿದ್ದೇನೆ.

ವಿಷಯ ಕನ್ನಡ ಗಾದೆಗಳು. ಸುಮಾರು 300 ಗಾದೆ, ಒಂದೊಂದಕ್ಕೂ ಎರಡು ಮೂರು ಸಾಲಿನ ಅರ್ಥ, ಎಲ್ಲವೂ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ವರ್ಡ್ ಫೈಲ್‌ಗಳಲ್ಲಿವೆ. ಅಕಾರಾದಿಯಾಗಿ ಪಟ್ಟಿ ಬೇಕು, ಹುಡುಕಲು ಬರಬೇಕು, ಮೆಚ್ಚಿದ ಗಾದೆಗೆ ಗುರುತು ಹಾಕಿಟ್ಟುಕೊಳ್ಳುವಂತಿರಬೇಕು, ಮೊಬೈಲ್‌ನಲ್ಲಿ ಸರಿಯಾಗಿ ಕಾಣಬೇಕು. ದುಡ್ಡು ಹಾಕದೆ ನೆಟ್‌ಗೆ ಏರಿಸಬೇಕು.

ಕೇಳಬೇಕಾಗಿರೋದು ಮೂರು. ಯಾವುದು ಮೊದಲು, ಯಾವುದು ಆಮೇಲೆ? ರಿಯಾಕ್ಟ್ ಅನ್ನೋ ಸಿದ್ಧ ಕೋಡ್ ಲೈಬ್ರರಿಯಿಂದಲೇ ಶುರು ಮಾಡಿದರೆ ಸಮಯ ಉಳಿಯುತ್ತಾ? ಕನ್ನಡ ಪಠ್ಯಕ್ಕೆ ಅಂತಲೇ ಬೇರೆ ಏನಾದರೂ ಹುಷಾರು ಬೇಕಾ? ವಿಂಡೋಸ್ ಲ್ಯಾಪ್‌ಟಾಪ್ ಇದೆ, 8 ಜಿಬಿ ರ‍್ಯಾಮ್. ವಾರಕ್ಕೆ 8–10 ಗಂಟೆ ಕೊಡಬಲ್ಲೆ.

ಅಡ್ಡಗೋಡೆ_ದೀಪ:

ವಿಷಯ ಚೆನ್ನಾಗಿ ಆರಿಸಿದ್ದೀರಿ. ಟು-ಡು ಲಿಸ್ಟ್, ಕ್ಯಾಲ್ಕುಲೇಟರ್ ಥರದ ಅಭ್ಯಾಸದಲ್ಲಿ ನಿಜವಾದ ಪಠ್ಯವೇ ಇರಲ್ಲ. ಮೂರು ಪದದ ಗಾದೆ ಪಕ್ಕದಲ್ಲೇ ಮೂರು ಸಾಲಿನ ಗಾದೆ, ಅರ್ಥ ಬಿಟ್ಟುಹೋದ ಒಂದು, ಎರಡು ಸಲ ನುಸುಳಿದ ಇನ್ನೊಂದು, ಇಂಥವು ಬಂದಾಗಲೇ ಲೇಔಟ್ ಮುರಿಯೋದು. ಮುರಿದ ಕಡೆಯೇ ನೀವು ಕಲಿಯೋದು.

ರಿಯಾಕ್ಟ್ ಈಗ ಬೇಡ. ಮೊದಲು ಪಠ್ಯ ಶುದ್ಧ ಮಾಡಿ, ಆಮೇಲೆ ಬರೀ ಎಚ್‌ಟಿಎಂಎಲ್, ಅದನ್ನು ಹಾಗೇ ನೆಟ್‌ಗೆ ಏರಿಸಿ, ನಂತರ ಸಿಎಸ್‌ಎಸ್, ಕೊನೆಗೆ ಜಾವಾಸ್ಕ್ರಿಪ್ಟ್ (ಒತ್ತಿದಾಗ, ಹುಡುಕಿದಾಗ ಪುಟ ಸ್ಪಂದಿಸುವಂತೆ ಮಾಡುವ ಭಾಷೆ). ಬೋಳು ಪುಟ ಇರುವಾಗಲೇ ಏರಿಸಿ ಅನ್ನೋದಕ್ಕೆ ಕಾರಣ ಇದೆ: ಎಲ್ಲ ಮುಗಿದ ಮೇಲೆ ಏರಿಸಲು ಹೋದರೆ ಹತ್ತು ತಪ್ಪು ಒಟ್ಟಿಗೆ ಎದುರಾಗುತ್ತವೆ, ಯಾವುದು ಯಾವುದರಿಂದ ಬಂತು ಅಂತ ಗೊತ್ತಾಗಲ್ಲ.

(ಈ ಫೋರಂ ಆಂಗಲ್ ಬ್ರಾಕೆಟ್‌ಗಳನ್ನು ನುಂಗಿಬಿಡುತ್ತೆ. ಅದಕ್ಕೆ ಟ್ಯಾಗ್, ಪ್ರಾಪರ್ಟಿ ಹೆಸರುಗಳನ್ನು ಕನ್ನಡದಲ್ಲೇ ಬರೀತಿದ್ದೇನೆ. ಎಡಿಟರ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು.)

ಪಠ್ಯದ ವಿಚಾರ ಮೊದಲು. ಹಳೆಯ ನುಡಿ ಫೈಲ್‌ನಲ್ಲಿ ಇರೋದು ಯೂನಿಕೋಡ್ (ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಲ್ಯಾಟಿನ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ ಫಾಂಟ್. ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳೇ ಕಾಣೋದು. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಕಣ್ಣಿಟ್ಟು ಓದಿ. ಅರ್ಕಾವತ್ತು ಇರುವ ಕಡೆ, ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುವ ಕಡೆ ಎಡವಟ್ಟು ಜಾಸ್ತಿ. ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಆನ್ಸಿ ಅಂತ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿ ಹೋಗುತ್ತೆ, ವಾಪಸ್ ಬರಲ್ಲ.

300ಕ್ಕೂ ಒಟ್ಟಿಗೆ ಕೈ ಹಾಕಬೇಡಿ, ಶುರುವಿಗೆ 10 ಸಾಕು. ಆದರೆ ಆ ಹತ್ತನ್ನು ಹುಡುಕಿ ಆರಿಸಿ: ಅತಿ ಗಿಡ್ಡದ್ದು, ಅತಿ ಉದ್ದದ್ದು, ಅರ್ಥ ಬರೆಯದೇ ಇರೋದು, ಒತ್ತಕ್ಷರ ತುಂಬಿರೋದು. ಈ ನಾಲ್ಕನ್ನು ತಡೆದುಕೊಂಡ ಪುಟ ಮುನ್ನೂರನ್ನೂ ತಡೆದುಕೊಳ್ಳುತ್ತೆ.

ವಿಎಸ್ ಕೋಡ್ ಎಡಿಟರ್ ಹಾಕಿಕೊಳ್ಳಿ. ಹೊಸ ಫೋಲ್ಡರ್, ಒಳಗೆ ‘ಇಂಡೆಕ್ಸ್’ ಹೆಸರಿನ ಎಚ್‌ಟಿಎಂಎಲ್ ಫೈಲ್. ಅದರಲ್ಲಿ ! ಹಾಕಿ ಟ್ಯಾಬ್ ಒತ್ತಿದರೆ ಪುಟದ ಚೌಕಟ್ಟು ತಾನೇ ಬರುತ್ತೆ. ಅದರಲ್ಲಿ ಒಂದನ್ನು ತಕ್ಷಣ ಬದಲಿಸಿ: ‘ಲ್ಯಾಂಗ್’ ಇಂಗ್ಲಿಷ್ ಅಂತ ಬಂದಿರುತ್ತೆ, ಕನ್ನಡದ ಎರಡಕ್ಷರದ ಕೋಡ್, ಅಂದರೆ ‘ಕೆಎನ್’, ಮಾಡಿ. ಬಿಟ್ಟರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೊರಡುತ್ತೆ. ‘ಮೆಟಾ ಕ್ಯಾರ್‌ಸೆಟ್’ ಸಾಲನ್ನು ತಲೆಭಾಗದಲ್ಲಿ ಮೇಲೇ ಇಡಿ, ಫೈಲಿನ ಮೊದಲ 1024 ಬೈಟ್ ಒಳಗೇ ಅದು ಇರಬೇಕು. ‘ವ್ಯೂಪೋರ್ಟ್’ ಸಾಲನ್ನು ಅಳಿಸಬೇಡಿ. ಅದಿಲ್ಲದಿದ್ದರೆ ಫೋನ್ ಬ್ರೌಸರ್ ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದ್ದು ಅಂದುಕೊಂಡು ಬಿಡಿಸಿ, ಆಮೇಲೆ ಕುಗ್ಗಿಸಿ ತೋರಿಸುತ್ತೆ. ಮೊಬೈಲ್‌ನಲ್ಲಿ ಅಕ್ಷರ ಇರುವೆಯಷ್ಟು ಕಾಣ್ತಿದೆ ಅನ್ನುವ ದೂರಿಗೆ ಹೆಚ್ಚಿನ ಸಲ ಇದೇ ಕಾರಣ.

ಪುಟದ ರಚನೆ: ‘ಹೆಡರ್’ನಲ್ಲಿ ಒಂದೇ ಎಚ್1, ‘ನ್ಯಾವ್’ನಲ್ಲಿ ಅ ಆ ಇ ಲಿಂಕ್‌ಗಳು, ‘ಮೇನ್’ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ‘ಸೆಕ್ಷನ್’. ಸೆಕ್ಷನ್‌ಗೆ ಎಚ್2, ಅದರ ಕೆಳಗೆ ‘ಯುಎಲ್’ ಪಟ್ಟಿ. ಪ್ರತಿ ‘ಎಲ್‌ಐ’ಗೂ ಬೇರೆ ಬೇರೆ ಐಡಿ ಕೊಡಿ: ಜಿ-1, ಜಿ-2 ಹೀಗೆ. ಗಾದೆಯನ್ನು ‘ಸಮ್ಮರಿ’ಯಲ್ಲಿ, ಅರ್ಥವನ್ನು ಅದರ ಹೊರಗಿನ ‘ಡೀಟೇಲ್ಸ್’ನಲ್ಲಿ ಹಾಕಿದರೆ ಒತ್ತಿದಾಗ ಅರ್ಥ ತೆರೆಯುವ ಸೌಕರ್ಯ ಪುಕ್ಕಟೆ ಸಿಗುತ್ತೆ, ಜಾವಾಸ್ಕ್ರಿಪ್ಟ್ ಒಂದು ಸಾಲೂ ಬೇಡ. ದೊಡ್ಡದಾಗಿ ಕಾಣಲಿ ಅಂತ ಎಚ್1, ಚಿಕ್ಕದಾಗಲಿ ಅಂತ ಎಚ್4 ಹಾಕುವ ಅಭ್ಯಾಸ ಬೇಡ, ಗಾತ್ರ ನೋಡಿಕೊಳ್ಳೋದು ಸಿಎಸ್‌ಎಸ್ ಕೆಲಸ. ಇಷ್ಟಾದ ಮೇಲೆ ಡಬ್ಲ್ಯು3ಸಿ ವ್ಯಾಲಿಡೇಟರ್‌ಗೆ ಅಂಟಿಸಿ ನೋಡಿ. ಮುಚ್ಚದ ಟ್ಯಾಗ್ ಇದ್ದರೆ ಬ್ರೌಸರ್ ಸುಮ್ಮನೆ ಊಹೆ ಮಾಡಿ ಸರಿಮಾಡಿಕೊಂಡುಬಿಡುತ್ತೆ, ವ್ಯಾಲಿಡೇಟರ್ ಬಿಡಲ್ಲ.

ಸಿಎಸ್‌ಎಸ್ ಅನ್ನು ಮೊಬೈಲ್ ಅಗಲಕ್ಕೇ ಮೊದಲು ಬರೆಯಿರಿ. ಕ್ರೋಮ್‌ನಲ್ಲಿ ಎಫ್12, ಆಮೇಲೆ ಕಂಟ್ರೋಲ್-ಶಿಫ್ಟ್-ಎಂ ಒತ್ತಿ ಅಗಲ 360ಕ್ಕೆ ಇಟ್ಟುಕೊಳ್ಳಿ. ಮೊದಲ ಸಾಲು ಎಲ್ಲಕ್ಕೂ ‘ಬಾಕ್ಸ್-ಸೈಜಿಂಗ್: ಬಾರ್ಡರ್-ಬಾಕ್ಸ್’. ಇದಿಲ್ಲದೆ ಅಗಲ 100% ಕೊಟ್ಟು ಪ್ಯಾಡಿಂಗ್ 16 ಪಿಕ್ಸೆಲ್ ಸೇರಿಸಿದರೆ ಡಬ್ಬಿ 32 ಪಿಕ್ಸೆಲ್ ಆಚೆ ಚಾಚಿ ಪುಟ ಅಡ್ಡಡ್ಡ ಜಾರುತ್ತೆ. ಯಾವ ಡಬ್ಬಿ ಆಚೆ ಹೋಗಿದೆ ಅಂತ ಹಿಡಿಯೋಕೆ ಎಲ್ಲಕ್ಕೂ ತಾತ್ಕಾಲಿಕವಾಗಿ 1 ಪಿಕ್ಸೆಲ್ ಕೆಂಪು ‘ಔಟ್‌ಲೈನ್’ ಹಾಕಿ. ‘ಬಾರ್ಡರ್’ ಹಾಕಬೇಡಿ, ಅದೇ ಜಾಗ ತಿಂದು ಲೇಔಟ್ ಬದಲಾಯಿಸುತ್ತೆ.

ಅಗಲದ ಪರದೆಗೆ ಪಟ್ಟಿಯನ್ನು ಗ್ರಿಡ್ ಮಾಡಿ: ‘ರಿಪೀಟ್’ ಒಳಗೆ ‘ಆಟೋ-ಫಿಲ್’, ‘ಮಿನ್‌ಮ್ಯಾಕ್ಸ್’ನಲ್ಲಿ ಕನಿಷ್ಠ 18 ರೆಮ್ (ಪುಟದ ಮೂಲ ಅಕ್ಷರ ಗಾತ್ರದ 18 ಪಟ್ಟು), ಗರಿಷ್ಠ 1 ಎಫ್‌ಆರ್ (ಉಳಿದ ಜಾಗದ ಒಂದು ಪಾಲು). ಮೀಡಿಯಾ ಕ್ವೆರಿ (ಪರದೆ ಅಗಲಕ್ಕೆ ತಕ್ಕ ಷರತ್ತು) ಇಲ್ಲದೆಯೇ ಕಾಲಂಗಳು ತಾವಾಗಿ ಹೆಚ್ಚು ಕಡಿಮೆ ಆಗುತ್ತವೆ. ಜೊತೆಗೆ ‘ಅಲೈನ್-ಐಟಮ್ಸ್: ಸ್ಟಾರ್ಟ್’ ಕೊಡಿ. ಇಲ್ಲವಾದರೆ ಒಂದು ಗಾದೆಯ ಅರ್ಥ ತೆರೆದ ಕೂಡಲೇ ಅದೇ ಸಾಲಿನ ಪಕ್ಕದ ಕಾರ್ಡ್‌ಗಳೂ ಉದ್ದಕ್ಕೆ ಹಿಗ್ಗಿ ಖಾಲಿ ಹೊಟ್ಟೆ ತೋರಿಸುತ್ತವೆ. ಗ್ರಿಡ್ ಸಾಲಿನಲ್ಲಿ ಎಲ್ಲರನ್ನೂ ಸಮ ಎತ್ತರಕ್ಕೆ ಎಳೆಯೋದೇ ಅದರ ಡಿಫಾಲ್ಟ್.

ನೀವು ಬರೆದ ಸ್ಟೈಲ್ ಹತ್ತಲಿಲ್ಲ ಅಂದರೆ ಎಫ್12ರ ಎಲಿಮೆಂಟ್ಸ್ ಟ್ಯಾಬ್‌ನಲ್ಲಿ ಬಲಗಡೆ ನೋಡಿ. ಸಾಲಿನ ಮೇಲೆ ಗೀಟು ಹೊಡೆದಿದ್ದರೆ ಇನ್ನೊಂದು ರೂಲ್ ಅದನ್ನು ಸೋಲಿಸಿದೆ. ಸಾಲೇ ಇಲ್ಲದಿದ್ದರೆ ಸೆಲೆಕ್ಟರ್ (ಯಾವುದಕ್ಕೆ ಸ್ಟೈಲ್ ಅಂತ ಹೇಳುವ ಭಾಗ) ತಪ್ಪು ಅಥವಾ ಫೈಲ್ ಬಂದೇ ಇಲ್ಲ. ಹಳದಿ ತ್ರಿಕೋನ ಇದ್ದರೆ ಪ್ರಾಪರ್ಟಿಯ ಹೆಸರೋ ಬೆಲೆಯೋ ತಪ್ಪಾಗಿದೆ. ಈ ಮೂರನ್ನು ಬೇರ್ಪಡಿಸಿ ನೋಡಲು ಬಂದರೆ ಅರ್ಧ ಸಿಎಸ್‌ಎಸ್ ಬಂದ ಹಾಗೆ.

ಒತ್ತಕ್ಷರ_ಪ್ರೇಮಿ:

ದೀಪ ಅವರು ಕ್ರಮ ಹೇಳಿದ್ದಾರೆ. ಮೂರನೇ ಪ್ರಶ್ನೆ ಅರ್ಧ ಉಳಿದಿದೆ, ನಾನು ಅದಕ್ಕಷ್ಟೇ ಬರೀತೀನಿ. ಸಿಎಸ್‌ಎಸ್ ಪಾಠಗಳು ಲ್ಯಾಟಿನ್ ಅಕ್ಷರ ಇಟ್ಟುಕೊಂಡು ಬರೆದವು, ಅಲ್ಲಿನ ಅಳತೆಗಳನ್ನು ಹಾಗೇ ಎತ್ತಿಟ್ಟರೆ ಕನ್ನಡಕ್ಕೆ ಕೂರಲ್ಲ.

ಮೊದಲು ಸಾಲಿನ ಎತ್ತರ. ಲ್ಯಾಟಿನ್‌ಗೆ 1.4, 1.5 ಸಾಕಾಗುತ್ತೆ. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು ಎರಡೂ ಬೇಕು, 1.7ರ ಸುತ್ತ ಇಡಿ. ಮುಖ್ಯ ವಿಷಯ, ಆ ಬೆಲೆಗೆ ಯೂನಿಟ್ ಹಾಕಬೇಡಿ. ‘ಬಾಡಿ’ ಟ್ಯಾಗ್‌ಗೆ ‘ಲೈನ್-ಹೈಟ್: 1.7ಇಎಂ’ ಅಂತ ಕೊಟ್ಟರೆ ಬ್ರೌಸರ್ ಅಲ್ಲೇ ಲೆಕ್ಕ ಮಾಡಿ 16 × 1.7 = 27.2 ಪಿಕ್ಸೆಲ್ ಅಂತ ಗಟ್ಟಿಮಾಡಿ ಮಕ್ಕಳಿಗೆ ದಾಟಿಸುತ್ತೆ. 40 ಪಿಕ್ಸೆಲ್‌ನ ಎಚ್1 ಎರಡು ಸಾಲಿಗೆ ಮುರಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕೂರುತ್ತೆ. ಬರೀ 1.7 ಅಂತ ಬರೆದರೆ ಪ್ರತಿ ಎಲಿಮೆಂಟ್ ತನ್ನ ಅಕ್ಷರ ಗಾತ್ರಕ್ಕೆ ತಾನೇ ಗುಣಿಸಿಕೊಳ್ಳುತ್ತೆ.

ಬಟನ್‌ಗೆ, ಕಾರ್ಡ್‌ಗೆ ನಿಗದಿತ ಎತ್ತರ ಕೊಟ್ಟು ‘ಓವರ್‌ಫ್ಲೋ: ಹಿಡನ್’ ಮಾಡುವ ಚಾಳಿ ಬೇಡ. ‘ಶಾಸ್ತ್ರ’ದ ಕೆಳಗಿನ ರ-ಒತ್ತು ಕತ್ತರಿಸಿಹೋಗುತ್ತೆ. ಎತ್ತರದ ಬದಲು ಪ್ಯಾಡಿಂಗ್ ಕೊಡಿ. ‘ಲೆಟರ್-ಸ್ಪೇಸಿಂಗ್’ ಮುಟ್ಟಲೇಬೇಡಿ. ‘ಇಟಾಲಿಕ್’ ಕೂಡ ಅಷ್ಟೇ: ಬಹುಪಾಲು ಕನ್ನಡ ಫಾಂಟ್‌ಗಳಿಗೆ ನಿಜವಾದ ಓರೆ ರೂಪ ಇಲ್ಲ, ಬ್ರೌಸರ್ ನೆಟ್ಟಗಿನದನ್ನೇ ಬಗ್ಗಿಸಿ ತೋರಿಸುತ್ತೆ, ನೋಡೋಕಾಗಲ್ಲ. ಎದ್ದು ಕಾಣಬೇಕಾದ ಕಡೆ ಬಣ್ಣವೋ ದಪ್ಪವೋ ಬಳಸಿ. ‘ವರ್ಡ್-ಬ್ರೇಕ್: ಬ್ರೇಕ್-ಆಲ್’ ಬೇಡ, ಪದಗಳನ್ನು ಎಲ್ಲೆಂದರಲ್ಲಿ ಕತ್ತರಿಸುತ್ತೆ. ನಮ್ಮ ಉದ್ದುದ್ದ ಸಮಾಸಪದಗಳಿಗೆ ‘ಓವರ್‌ಫ್ಲೋ-ರ‍್ಯಾಪ್: ಎನಿವೇರ್’ ಸಾಕು, ಅದು ಬೇರೆ ದಾರಿ ಇಲ್ಲದಾಗ ಮಾತ್ರ ಪದ ಮುರಿಯುತ್ತೆ.

ಸಾಲಿನ ಅಗಲಕ್ಕೆ ‘65ಸಿಎಚ್’ ಅಂತ ಎಲ್ಲ ಪಾಠಗಳಲ್ಲೂ ಬರುತ್ತೆ. ಆ ಯೂನಿಟ್ ಸೊನ್ನೆಯ ಅಗಲವನ್ನು ಅಳೆಯೋದು. ಕನ್ನಡ ಅಕ್ಷರಗಳು ಅದಕ್ಕಿಂತ ಅಗಲ, ಲೆಕ್ಕ ತಪ್ಪುತ್ತೆ. ರೆಮ್‌ನಲ್ಲೇ 36–40 ಕೊಟ್ಟು ಕಣ್ಣಳತೆಯಲ್ಲಿ ಸರಿಮಾಡಿ.

ಫಾಂಟ್: ಶುರುವಿನಲ್ಲಿ ವೆಬ್‌ಫಾಂಟ್ (ನೆಟ್‌ನಿಂದ ಇಳಿಸುವ ಫಾಂಟ್) ಬೇಕಾಗೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೋ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆ್ಯಪಲ್‌ನಲ್ಲಿ ಕನ್ನಡ ಸಂಗಮ್ ಎಂಎನ್ ಮೊದಲೇ ಇರುತ್ತವೆ. ತಲೆಬರಹಕ್ಕೆ ಸ್ವಲ್ಪ ರುಚಿ ಬೇಕು ಅಂದರೆ ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ 2, ತಿರೋ ಕನ್ನಡ, ಅನೇಕ್ ಕನ್ನಡ, ಬೆಣ್ಣೆ, ಹುಬ್ಬಳ್ಳಿ ಇವೆ. ಒಂದನ್ನೇ ಆರಿಸಿ, ‘ಫಾಂಟ್-ಡಿಸ್‌ಪ್ಲೇ: ಸ್ವಾಪ್’ ಹಾಕಿ, ಆ ಫಾಂಟ್ ಇಳಿಯುವವರೆಗೆ ಸಿಸ್ಟಮ್ ಫಾಂಟ್‌ನಲ್ಲಿ ಓದಲು ಸಿಗುತ್ತೆ. ಮುಂದೆ ಫಾಂಟನ್ನು ನೀವೇ ಸಬ್‌ಸೆಟ್ ಮಾಡುವ (ಬೇಕಾದ ಅಕ್ಷರಗಳನ್ನಷ್ಟೇ ಉಳಿಸಿ ಚಿಕ್ಕದು ಮಾಡುವ) ದಿನ ಬಂದರೆ ಲೇಔಟ್ ಫೀಚರ್‌ಗಳನ್ನೆಲ್ಲ ಉಳಿಸಿಕೊಳ್ಳಿ. ಆ ಟೇಬಲ್‌ಗಳು ಹಾರಿಹೋದರೆ ಒತ್ತಕ್ಷರಗಳು ಹಲಂತವಾಗಿ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಜಾವಾಸ್ಕ್ರಿಪ್ಟ್‌ಗೆ ಹೋದಾಗ ನೆನಪಿರಲಿ: ‘ಲೆಂಗ್ತ್’ ನಮ್ಮ ಅಕ್ಷರ ಎಣಿಸಲ್ಲ, ಸಂಕೇತ ಎಣಿಸುತ್ತೆ. ‘ಕ್ಷ’ ಅಂದರೆ 3, ‘ಸ್ತ್ರೀ’ ಅಂದರೆ 6. ಒಂದೊಂದೇ ಅಕ್ಷರ ಮೂಡಿಬರುವ ಅನಿಮೇಷನ್ ಮಾಡೋಣ ಅಂತ ‘ಸ್ಪ್ಲಿಟ್’ ಮಾಡಿ ‘ಸ್ಪ್ಯಾನ್’ಗಳಿಗೆ ಹಾಕಿದರೆ ಗುಣಿತದ ಚಿಹ್ನೆಗಳು ಚುಕ್ಕಿಗಳ ವೃತ್ತ ಹೊತ್ತು ಒಂಟಿಯಾಗಿ ನಿಲ್ಲುತ್ತವೆ. ‘ಇಂಟ್ಲ್’ನ ‘ಸೆಗ್ಮೆಂಟರ್’ (ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಜಾವಾಸ್ಕ್ರಿಪ್ಟ್ ಸೌಲಭ್ಯ) ಬಳಸಿದರೆ ಗುಣಿತ ಕೂಡಿಕೊಂಡು ಬರುತ್ತೆ, ಆದರೂ ‘ಕ್’ ಮತ್ತು ‘ಷ’ ಬೇರೆಯಾಗಿ ಬರಬಹುದು. ತುಣುಕು ಹಲಂತದಲ್ಲಿ ಮುಗಿದು ಮುಂದಿನದು ವ್ಯಂಜನವಾಗಿದ್ದರೆ ಎರಡನ್ನೂ ಅಂಟಿಸಿಕೊಳ್ಳಿ. ಅಕಾರಾದಿ ಗುಂಪಿಗೆ ಮಾತ್ರ ಇದೆಲ್ಲ ಬೇಡ. ಪಠ್ಯದ ಸೊನ್ನೆಯನೇ ಸ್ಥಾನದ ಸಂಕೇತ ತೆಗೆದುಕೊಂಡರೆ ‘ಕುಣಿಯಲಾರದವಳು’ ಇಂದ ನೇರವಾಗಿ ‘ಕ’ ಸಿಗುತ್ತೆ, ಕೊಂಬು ಎರಡನೇ ಸಂಕೇತ. ಈ ಒಂದು ಕಡೆ ಯೂನಿಕೋಡ್ ನಮ್ಮ ಪರವಾಗಿದೆ.

ಬೆಂದಕಾಳೂರ್_ಡೆವ್:

ಒಂದು ಭಿನ್ನಮತ. ಪ್ರಶ್ನೆ ಕೇಳಿದವರು ಕೆಲಸದ ಉದ್ದೇಶಕ್ಕೆ ಕಲಿಯುತ್ತಿದ್ದರೆ ರಿಯಾಕ್ಟ್ ತಪ್ಪಿಸಿಕೊಳ್ಳೋಕಾಗಲ್ಲ, ಇಂಟರ್ವ್ಯೂಗಳಲ್ಲಿ ಕೇಳೋದೇ ಅದು. ‘ಬೇಡ’ ಅನ್ನೋದಕ್ಕಿಂತ ‘ಯಾವಾಗ’ ಅಂತ ಹೇಳಿ. ಇನ್ನೊಂದು, 300 ಗಾದೆಯನ್ನು ಎಚ್‌ಟಿಎಂಎಲ್‌ನಲ್ಲೇ ಕೈಯಿಂದ ಬರೆಯೋದಾ? ಜೇಸನ್ (ಡೇಟಾ ಇಡುವ ಪಠ್ಯ ರೂಪ) ಫೈಲ್‌ನಲ್ಲಿಟ್ಟು, ಪುಟ ತೆರೆದಾಗ ಜಾವಾಸ್ಕ್ರಿಪ್ಟ್‌ನಿಂದ ‘ಫೆಚ್’ ಮಾಡಿ ತರಿಸಿಕೊಂಡರೆ ಡೇಟಾ ಬೇರೆ, ಪುಟ ಬೇರೆ ಆಗುತ್ತೆ.

ಅಡ್ಡಗೋಡೆ_ದೀಪ:

@ಬೆಂದಕಾಳೂರ್_ಡೆವ್ ‘ಯಾವಾಗ’ ಅನ್ನೋದು ಸರಿಯಾದ ಪ್ರಶ್ನೆ. ಈ ಸೈಟಲ್ಲೇ ಅದಕ್ಕೆ ಉತ್ತರ ಇದೆ. ಮೆಚ್ಚಿನ ಗುರುತು ಒತ್ತಿದಾಗ ಕಾರ್ಡಿನ ನಕ್ಷತ್ರ ಬದಲಾಗಬೇಕು, ಮೇಲಿನ ಒಟ್ಟು ಸಂಖ್ಯೆ ಬದಲಾಗಬೇಕು, ‘ಮೆಚ್ಚಿನವು ಮಾತ್ರ’ ಫಿಲ್ಟರ್ ಹಾಕಿದ್ದರೆ ಪಟ್ಟಿಯೂ ಬದಲಾಗಬೇಕು. ಒಂದೇ ಸ್ಥಿತಿಯನ್ನು ಮೂರು ಕಡೆ ಕೈಯಾರೆ ಸರಿಮಾಡುವ ಕೋಡ್ ಬರೆದು, ಒಂದು ಕಡೆ ಮರೆತು, ಸಂಖ್ಯೆ 5 ಅಂತಿದ್ದರೂ ಪಟ್ಟಿಯಲ್ಲಿ 4 ಬಂದ ದಿನ ರಿಯಾಕ್ಟ್ ಯಾವ ರೋಗಕ್ಕೆ ಮದ್ದು ಅಂತ ತಿಳಿಯುತ್ತೆ. ಆಗ ಇದೇ ಸೈಟನ್ನು ಅದಕ್ಕೆ ದಾಟಿಸಿ. ಹೊಸ ರಿಯಾಕ್ಟ್ ಸೈಟ್ ಶುರು ಮಾಡಲು ವಿಡಿಯೋಗಳಲ್ಲಿ ಈಗಲೂ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಹೇಳಿಕೊಡ್ತಾರೆ. ಅದನ್ನು 2025ರ ಫೆಬ್ರವರಿಯಲ್ಲೇ ಅಧಿಕೃತವಾಗಿ ಕೈಬಿಟ್ಟಿದ್ದಾರೆ, ಬದಲಿಗೆ ವೀಟ್ ಅನ್ನೋ ಸಾಧನ ಬಳಸಿ.

ಜೇಸನ್ ವಿಚಾರದಲ್ಲಿ ನಾನು ಒಪ್ಪಲ್ಲ. ಒಂದು ಗಾದೆಗೆ ಅರ್ಥ ಸೇರಿ 150 ಸಂಕೇತ ಅಂದುಕೊಳ್ಳಿ, ಕನ್ನಡಕ್ಕೆ ಯುಟಿಎಫ್-8ರಲ್ಲಿ ತಲಾ 3 ಬೈಟ್. 300 × 150 × 3, ಅಂದರೆ ಸುಮಾರು 135 ಕಿಲೋಬೈಟ್. ಸರ್ವರ್ ಅದನ್ನು ಅದುಮಿ ಕಳಿಸುವಾಗ ಇನ್ನೂ ಎಷ್ಟೋ ಕಡಿಮೆ. ಫೋನಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ಭಾರ. ಪಠ್ಯ ಪುಟದಲ್ಲೇ ಇದ್ದರೆ ಸ್ಕ್ರಿಪ್ಟ್ ಕೈಕೊಟ್ಟರೂ ಓದಲು ಸಿಗುತ್ತೆ, ಬ್ರೌಸರಿನ ಹುಡುಕಾಟಕ್ಕೂ ಸಿಗುತ್ತೆ. ಕೈಯಿಂದ ಬರೆಯುವ ಬೇಸರಕ್ಕೆ ಬೇಕಾದರೆ ಗೂಗಲ್ ಶೀಟ್‌ನಲ್ಲಿ ಒಂದು ಫಾರ್ಮುಲಾ ಹಾಕಿ ಟ್ಯಾಗ್ ಸಮೇತ ಸಾಲುಗಳನ್ನು ಹುಟ್ಟಿಸಿಕೊಂಡು ಅಂಟಿಸಬಹುದು.

ಜೇಸನ್ನೇ ಬೇಕು ಅಂತ ಯಾರಾದರೂ ಹೋದರೆ, ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ತೆರೆದ ಪುಟದಲ್ಲಿ ‘ಫೆಚ್’ ನಡೆಯಲ್ಲ, ಕನ್ಸೋಲ್‌ನಲ್ಲಿ (ಎಫ್12ರಲ್ಲಿ ದೋಷ ತೋರಿಸುವ ಟ್ಯಾಬ್) ಕಾರ್ಸ್ (ಬ್ರೌಸರಿನ ಭದ್ರತಾ ತಡೆ) ಅಂತ ಕೆಂಪು ಸಾಲು ಬರುತ್ತೆ. ವಿಎಸ್ ಕೋಡ್‌ಗೆ ಲೈವ್ ಸರ್ವರ್ ಎಕ್ಸ್‌ಟೆನ್ಷನ್ ಹಾಕಿಕೊಂಡು ಅದರಿಂದ ತೆರೆಯಿರಿ. ಮತ್ತೆ ವರ್ಡ್‌ನಿಂದ ಅಂಟಿಸಿದ ಬಾಗಿದ ಉದ್ಧರಣ ಚಿಹ್ನೆ, ಕೊನೆಯ ನಮೂದಿನ ನಂತರದ ಅಲ್ಪವಿರಾಮ, ಇವೆರಡರಲ್ಲಿ ಒಂದಿದ್ದರೂ ಇಡೀ ಫೈಲ್ ಓದಲ್ಲ.

ಹಿತ್ತಲಗಿಡ:

ಎಲ್ಲರಿಗೂ ಥ್ಯಾಂಕ್ಸ್. ದೀಪ ಸರ್ ಹೇಳಿದ ಕ್ರಮದಲ್ಲೇ ಹೊರಟು 40 ಗಾದೆ ಹಾಕಿ ಗಿಟ್‌ಹಬ್ ಪೇಜಸ್‌ಗೆ (ಪುಕ್ಕಟೆ ಸೈಟ್ ಇಡುವ ಜಾಗ) ಏರಿಸಿದೆ. ಈಗ ಮೂರು ಕಡೆ ನಿಂತಿದೆ.

1. ಲ್ಯಾಪ್‌ಟಾಪ್‌ನಲ್ಲಿ ಸಿಎಸ್‌ಎಸ್ ಸರಿಯಾಗಿದೆ, ನೆಟ್‌ನಲ್ಲಿ ಬೋಳು ಪುಟ ಬರುತ್ತೆ.
2. ಹುಡುಕಾಟದಲ್ಲಿ ಹೊಂದದ ಗಾದೆಗಳಿಗೆ ‘ಹಿಡನ್’ ಹಾಕ್ತಿದ್ದೇನೆ. ಎಲಿಮೆಂಟ್ಸ್‌ನಲ್ಲಿ ಅದು ಹತ್ತಿದೆ ಅಂತ ತೋರಿಸುತ್ತೆ, ಪರದೆ ಮೇಲೆ ಗಾದೆ ಮಾತ್ರ ಹೋಗಲ್ಲ.
3. ‘ಕೋಣ’ ಅಂತ ಹುಡುಕಿದರೆ ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಬರಲ್ಲ. ‘ಕಿನ್ನರಿ’ ಅಂದರೆ ಬರುತ್ತೆ!

ಪೇಡೆನಗರಿ:

ಒಂದನೇದಕ್ಕ ನಾ ಹೇಳ್ತೀನ್ರಿ. ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್‌ನ್ಯಾಗ ನೋಡ್ರಿ, ಸಿಎಸ್‌ಎಸ್ ಫೈಲ್ ಮುಂದ 404 (ಫೈಲ್ ಸಿಗಲಿಲ್ಲ) ಅಂತ ಕೆಂಪಗ ಇರಬೇಕು. ಹಂಗಿದ್ರ ಕಾರಣ ಎರಡರಾಗ ಒಂದು.

ಫೈಲ್ ಹೆಸರು ದೊಡ್ಡಕ್ಷರ ಸಣ್ಣಕ್ಷರ ಬ್ಯಾರೆ ಐತೇನು ನೋಡ್ರಿ. ವಿಂಡೋಸ್‌ಗೆ ‘ಸ್ಟೈಲ್’ ಅನ್ನೂದನ್ನ ದೊಡ್ಡ ಎಸ್‌ನಿಂದ ಬರದ್ರೂ ಅಷ್ಟ, ಸಣ್ಣ ಎಸ್‌ನಿಂದ ಬರದ್ರೂ ಅಷ್ಟ. ಗಿಟ್‌ಹಬ್ ಪೇಜಸ್‌ಗೆ ಅವು ಎರಡು ಬ್ಯಾರೆ ಬ್ಯಾರೆ ಫೈಲ್. ಎಲ್ಲಾ ಹೆಸರೂ ಸಣ್ಣಕ್ಷರದಾಗ ಇಡ್ರಿ, ನಡುವ ಸ್ಪೇಸ್ ಬ್ಯಾಡ, ಅಡ್ಡಗೆರಿ ಹಾಕ್ರಿ. ಬರೇ ಅಕ್ಷರದ ದೊಡ್ಡದು ಸಣ್ಣದು ಬದಲ ಮಾಡಿದ್ರ ವಿಂಡೋಸ್‌ನ್ಯಾಗ ಗಿಟ್‌ಗ (ಬದಲಾವಣೆ ದಾಖಲಿಸೂ ಸಾಧನ) ಗೊತ್ತ ಆಗೂದಿಲ್ಲ, ಅದಕ್ಕ ‘ಗಿಟ್ ಎಂವಿ’ ಆಜ್ಞೆ ಕೊಟ್ಟ ಹೆಸರು ಬದಲ ಮಾಡ್ರಿ.

ಇನ್ನೊಂದು, ಲಿಂಕ್ ಮುಂದ ಓರೆಗೆರಿ ಐತೇನು? ಓರೆಗೆರಿಯಿಂದ ಶುರು ಆದ್ರ ಬ್ರೌಸರ್ ಡೊಮೇನಿನ ಬುಡಕ್ಕ ಹೋಗತೈತಿ. ನಿಮ್ಮ ಸೈಟ್ ಇರೂದು ಬುಡದಾಗಲ್ಲ, ರೆಪೋ (ಗಿಟ್‌ಹಬ್‌ನ್ಯಾಗಿನ ನಿಮ್ಮ ಫೋಲ್ಡರ್) ಹೆಸರಿನ ಒಳಗ. ಓರೆಗೆರಿ ತಗದು ಬರೇ ಫೈಲ್ ಹೆಸರು ಬರೀರಿ.

ಸೆಟ್ಟಿಂಗ್ಸ್‌ನ್ಯಾಗ ಪೇಜಸ್, ಅಲ್ಲಿ ‘ಮೇನ್’ ಬ್ರಾಂಚ್, ‘ರೂಟ್’ ಫೋಲ್ಡರ್ ಆರಿಸೀರಿ ಅಂತ ತಿಳ್ಕೊಂಡೀನಿ. ಪುಕ್ಕಟೆ ಖಾತೆ ಆದ್ರ ರೆಪೋ ಪಬ್ಲಿಕ್ ಇರಬೇಕು. ಪುಶ್ ಮಾಡಿದ (ಫೈಲ್ ಗಿಟ್‌ಹಬ್‌ಗೆ ಕಳಿಸಿದ) ಮ್ಯಾಲೆ ಬದಲಾವಣೆ ಕಾಣಲಿಕ್ಕೆ 10 ನಿಮಿಷದ ತನಕ ಹಿಡಿಬಹುದು. ಬ್ರೌಸರ್ ಸುದ್ದಾ ಹಳೇದನ್ನ 10 ನಿಮಿಷ ಇಟ್ಕೊಂಡಿರತೈತಿ. ಕಂಟ್ರೋಲ್-ಎಫ್5 ಒತ್ತಿ ನೋಡ್ರಿ, ಗಡಿಬಿಡಿಲೇ ಸರಿ ಇದ್ದ ಕೋಡ್ ಕೆಡಸಬ್ಯಾಡ್ರಿ. ಮತ್ತ ಹೆಸರು ಅಂಡರ್‌ಸ್ಕೋರ್‌ನಿಂದ ಶುರು ಆಗೂ ಫೋಲ್ಡರ್ ಇದ್ರ ಪೇಜಸ್ ಅದನ್ನ ಬಿಟ್ಟಬಿಡತೈತಿ, ಒಳಗಿನ ಜೆಕಿಲ್ ಅನ್ನೂ ಸಾಧನದ ರೂಢಿ ಅದು. ‘ಡಾಟ್-ನೋಜೆಕಿಲ್’ ಅಂತ ಒಂದ ಖಾಲಿ ಫೈಲ್ ಇಟ್ರ ಮುಗೀತು.

ಗಾದಿ ಹೆಸರನ್ನ ಕನ್ನಡದಾಗ ಫೈಲ್ ಹೆಸರಾಗಿ ಇಡೂ ವಿಚಾರ ಇದ್ರ ಬ್ಯಾಡ್ರಿ. ನಡೀತೈತಿ, ಆದ್ರ ಕಾಪಿ ಮಾಡಿದಾಗ ಒಂದೊಂದ ಸಂಕೇತಕ್ಕ 9 ಚಿಹ್ನಿ ಆಗಿ ಲಿಂಕ್ ಮಾರುದ್ದ ಬೆಳಿತೈತಿ.

ಒತ್ತಕ್ಷರ_ಪ್ರೇಮಿ:

ಎರಡನೆಯದು ಸುಲಭ. ನೀವು ‘ಎಲ್‌ಐ’ಗೆ ‘ಡಿಸ್‌ಪ್ಲೇ: ಫ್ಲೆಕ್ಸ್’ ಅಥವಾ ‘ಗ್ರಿಡ್’ ಕೊಟ್ಟಿರಬೇಕು. ‘ಹಿಡನ್’ ಗುಣ ಕೆಲಸ ಮಾಡೋದು ಬ್ರೌಸರಿನ ಸ್ವಂತ ಸ್ಟೈಲ್‌ಶೀಟ್‌ನ ‘ಡಿಸ್‌ಪ್ಲೇ: ನನ್’ ಮೂಲಕ, ನೀವು ಬರೆದ ಯಾವ ಡಿಸ್‌ಪ್ಲೇ ಬಂದರೂ ಅದನ್ನು ಸೋಲಿಸುತ್ತೆ. ಸಿಎಸ್‌ಎಸ್‌ನಲ್ಲಿ ಚೌಕ ಬ್ರಾಕೆಟ್ ಒಳಗೆ ‘ಹಿಡನ್’ ಅಂತ ಸೆಲೆಕ್ಟರ್ ಬರೆದು ‘ಡಿಸ್‌ಪ್ಲೇ: ನನ್ !ಇಂಪಾರ್ಟೆಂಟ್’ ಕೊಡಿ. ‘!ಇಂಪಾರ್ಟೆಂಟ್’ಗೆ ನ್ಯಾಯವಾದ ಜಾಗ ಅಂತ ಇದ್ದರೆ ಇಂಥ ಕಡೆಯೇ.

ಮೂರನೆಯದು ಸ್ವಾರಸ್ಯದ್ದು. ‘ಕೋ’ ಅನ್ನೋದನ್ನು ಕಂಪ್ಯೂಟರ್ ಎರಡು ರೀತಿ ಇಟ್ಟುಕೊಳ್ಳಬಹುದು. ‘ಕ’ ಮುಂದೆ ಓಕಾರದ ಒಂದೇ ಚಿಹ್ನೆ, ಇಲ್ಲವೇ ‘ಕ’ ಮುಂದೆ ಎಕಾರ, ಊಕಾರ, ದೀರ್ಘ ಅಂತ ಮೂರು ಬಿಡಿ ಚಿಹ್ನೆಗಳು. ಕಣ್ಣಿಗೆ ಎರಡೂ ಒಂದೇ. ಕೀಬೋರ್ಡ್ ಮೊದಲನೆಯದನ್ನು ಕೊಡುತ್ತೆ, ಕೆಲವು ಪರಿವರ್ತಕಗಳು ಎರಡನೆಯದನ್ನು ಉಗುಳುತ್ತವೆ, ಹಳೆಯ ಫಾಂಟಿನಲ್ಲಿ ಆ ತುಂಡುಗಳು ಬೇರೆ ಬೇರೆಯೇ ಇದ್ದವಲ್ಲ. ‘ಕಿನ್ನರಿ’ಯಲ್ಲಿ ಒಡೆಯಬಹುದಾದ ಗುಣಿತವೇ ಇಲ್ಲ, ಹಾಗಾಗಿ ಸಿಕ್ಕಿತು. ಹುಡುಕುವ ಪದ, ಗಾದೆಯ ಪಠ್ಯ ಎರಡಕ್ಕೂ ‘ನಾರ್ಮಲೈಜ್’ ಅನ್ನು ‘ಎನ್‌ಎಫ್‌ಸಿ’ ಕೊಟ್ಟು ಕರೆದು ಹೋಲಿಸಿ, ಬಿಡಿ ಚಿಹ್ನೆಗಳು ಕೂಡಿ ಒಂದೇ ರೂಪಕ್ಕೆ ಬರುತ್ತವೆ. ಖಚಿತ ಮಾಡಿಕೊಳ್ಳಬೇಕಾದರೆ ಕನ್ಸೋಲ್‌ನಲ್ಲಿ ಎರಡೂ ‘ಕೋಣ’ಗಳ ‘ಲೆಂಗ್ತ್’ ನೋಡಿ: ಒಂದು 3, ಇನ್ನೊಂದು 5 ಬರುತ್ತೆ.

ಇದೇ ಜಾಗದಲ್ಲಿ ಇನ್ನೆರಡು ಮಾಡಿ. ಒಂದು, ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿ ಟೈಪ್ ಆಗಿರೋದು. ‘ಬಂಗಾರ’ ಮತ್ತು ‘ಬ೦ಗಾರ’ ಪಕ್ಕಪಕ್ಕ ಇಟ್ಟು ದಿಟ್ಟಿಸಿ ನೋಡಿ, ಎರಡನೆಯದರಲ್ಲಿ ಇರೋದು ಅಂಕಿ. ಇದನ್ನು ‘ಎನ್‌ಎಫ್‌ಸಿ’ ಸರಿಮಾಡಲ್ಲ, ಏಕೆಂದರೆ ಅವು ನಿಜಕ್ಕೂ ಬೇರೆ ಸಂಕೇತಗಳು. ಮೂಲ ಫೈಲ್‌ನಲ್ಲೇ ಕನ್ನಡ ಅಕ್ಷರದ ಹಿಂದೆಯೇ ಬಂದ ಸೊನ್ನೆಯನ್ನು ಅನುಸ್ವಾರವಾಗಿ ಬದಲಿಸಿಬಿಡಿ. ಎರಡು, ಕಣ್ಣಿಗೆ ಕಾಣದ ಜೋಡಕಗಳು. ವಿದೇಶಿ ಪದ ಬರೆಯುವಾಗ ಒತ್ತು ಆಗದಂತೆ ತಡೆಯಲು ಒಂದು, ‘ರ‍್ಯಾಂಕ್’ ಬರೆಯುವಾಗ ಅರ್ಕಾವತ್ತು ಆಗದಂತೆ ತಡೆಯಲು ಇನ್ನೊಂದು ಬಳಸುತ್ತೇವೆ. ಹುಡುಕಾಟಕ್ಕೆ ಮಾಡಿಕೊಳ್ಳುವ ನಕಲಿನಲ್ಲಿ ಎರಡನ್ನೂ ತೆಗೆಯಿರಿ. ತೋರಿಸುವ ಪಠ್ಯದಲ್ಲಿ ತೆಗೆದರೆ ‘ರ್ಯಾಂಕ್’ ಆಗಿ ಕೂರುತ್ತೆ, ಅಲ್ಲಿ ಕೈ ಹಾಕಬೇಡಿ.

ಆ ನಕಲನ್ನು ಪುಟ ತೆರೆದಾಗ ಒಂದೇ ಸಲ ಮಾಡಿ ಒಂದು ಅರೇಯಲ್ಲಿ (ಕೋಡ್‌ನೊಳಗಿನ ಪಟ್ಟಿ) ಇಟ್ಟುಕೊಳ್ಳಿ. ಒಂದೊಂದು ಕೀ ಒತ್ತಿದಾಗಲೂ ಎಲ್ಲವನ್ನೂ ಮತ್ತೆ ಶುದ್ಧ ಮಾಡುವ ಅಗತ್ಯ ಇಲ್ಲ. ಹುಡುಕಾಟಕ್ಕೆ ‘ಕೀಅಪ್’ ಬಳಸಬೇಡಿ, ‘ಇನ್‌ಪುಟ್’ ಈವೆಂಟ್ ಬಳಸಿ. ಫೋನಿನ ಕನ್ನಡ ಕೀಬೋರ್ಡ್, ದನಿಯಿಂದ ಟೈಪ್ ಮಾಡೋದು, ಅಂಟಿಸೋದು ಎಲ್ಲಕ್ಕೂ ಅದೇ ಸ್ಪಂದಿಸೋದು.

ಹಿತ್ತಲಗಿಡ:

ಮೂರೂ ಸರಿಹೋಯ್ತು! ಒಂದನೆಯದು ದೊಡ್ಡಕ್ಷರದ್ದೇ ಕಿತಾಪತಿ. ‘ಕೋಣ’ 5 ಅಂತಲೇ ಬಂತು.

ಕೊನೆಯ ಎರಡು. ಮೆಚ್ಚಿನವನ್ನು ಎಲ್ಲಿ ಉಳಿಸಲಿ? ಒಂದೇ ಗಾದೆಯ ಲಿಂಕನ್ನು ವಾಟ್ಸಾಪ್‌ನಲ್ಲಿ ಹಂಚಿದಾಗ ಆ ಗಾದೆಯೇ ಪ್ರಿವ್ಯೂನಲ್ಲಿ ಬರುವ ಹಾಗೆ ಮಾಡಬಹುದಾ?

ಅಡ್ಡಗೋಡೆ_ದೀಪ:

ಮೆಚ್ಚಿನವಕ್ಕೆ ‘ಲೋಕಲ್ ಸ್ಟೋರೇಜ್’ (ಓದುಗರ ಬ್ರೌಸರ್‌ನಲ್ಲೇ ಇರುವ ಸಂಗ್ರಹ). ಅದು ಸ್ಟ್ರಿಂಗ್, ಅಂದರೆ ಬರೀ ಪಠ್ಯ ಮಾತ್ರ ಇಟ್ಟುಕೊಳ್ಳುತ್ತೆ, ಅರೇಯನ್ನು ‘ಜೇಸನ್ ಸ್ಟ್ರಿಂಗಿಫೈ’ ಮಾಡಿ ಇಡಿ, ಓದುವಾಗ ‘ಪಾರ್ಸ್’ ಮಾಡಿ. ಪಟ್ಟಿಯಲ್ಲಿನ ಸ್ಥಾನವನ್ನು ಉಳಿಸಬೇಡಿ, ಐಡಿ ಉಳಿಸಿ. ನಾಳೆ ನಡುವೆ ಹೊಸ ಗಾದೆ ಸೇರಿಸಿದರೆ ಸ್ಥಾನಗಳೆಲ್ಲ ಒಂದೊಂದು ಮುಂದೆ ಹೋಗಿ ಜನ ಮೆಚ್ಚದ ಗಾದೆಗೆ ನಕ್ಷತ್ರ ಬೀಳುತ್ತೆ. ಕೀ ಹೆಸರಿಗೆ ‘ಗಾದೆ-’ ಅಂತ ಮುಂಗಡ ಪದ ಸೇರಿಸಿ, ಏಕೆಂದರೆ ಗಿಟ್‌ಹಬ್ ಪೇಜಸ್‌ನಲ್ಲಿ ನಿಮ್ಮ ಎಲ್ಲ ರೆಪೋಗಳೂ ಒಂದೇ ಡೊಮೇನ್, ಸ್ಟೋರೇಜ್ ಕೂಡ ಹಂಚಿಕೆಯದೇ. ನಕ್ಷತ್ರವನ್ನು ‘ಡಿವ್’ನಲ್ಲಿ ಮಾಡದೆ ನಿಜವಾದ ‘ಬಟನ್’ನಲ್ಲೇ ಮಾಡಿ, ಕೀಬೋರ್ಡ್‌ನಿಂದಲೂ ಒತ್ತಲು ಬರುತ್ತೆ. ಅದನ್ನು ‘ಸಮ್ಮರಿ’ಯ ಒಳಗೆ ಇಡಬೇಡಿ, ಒಂದರೊಳಗೆ ಒಂದು ಒತ್ತುವ ವಸ್ತು ಇದ್ದರೆ ಸ್ಕ್ರೀನ್ ರೀಡರ್‌ಗಳು ಗೊಂದಲಕ್ಕೆ ಬೀಳುತ್ತವೆ. ‘ಡೀಟೇಲ್ಸ್’ ಪಕ್ಕದಲ್ಲಿರಲಿ.

ಲಿಂಕ್: ವಿಳಾಸದ ಕೊನೆಗೆ # ಹಾಕಿ ಐಡಿ ಕೊಟ್ಟರೆ ಪುಟ ಅಲ್ಲಿಗೇ ಹೋಗುತ್ತೆ, ಪಠ್ಯ ಎಚ್‌ಟಿಎಂಎಲ್‌ನಲ್ಲೇ ಇರೋದರಿಂದ ಬೇರೇನೂ ಬೇಡ. ಜೇಸನ್‌ನಿಂದ ತುಂಬಿಸಿದ್ದರೆ ಪುಟ ತೆರೆದ ಗಳಿಗೆಯಲ್ಲಿ ಆ ಐಡಿಯೇ ಇರಲ್ಲ, ತುಂಬಿಸಿದ ಮೇಲೆ ‘ಸ್ಕ್ರೋಲ್ ಇಂಟು ವ್ಯೂ’ ಅಂತ ನಾವೇ ಕರೆಯಬೇಕಾಗ್ತಿತ್ತು. ಮೇಲೆ ಅಂಟಿಕೊಂಡ ಹೆಡರ್ ಗಾದೆಯನ್ನು ಮುಚ್ಚಿದರೆ ‘ಎಲ್‌ಐ’ಗೆ ‘ಸ್ಕ್ರೋಲ್-ಮಾರ್ಜಿನ್-ಟಾಪ್’ ಅನ್ನು ಹೆಡರಿನ ಎತ್ತರದಷ್ಟು ಕೊಡಿ.

ಪ್ರಿವ್ಯೂ ಮಾತ್ರ ಈ ದಾರಿಯಲ್ಲಿ ಆಗಲ್ಲ. # ನಂತರದ ಭಾಗ ಸರ್ವರ್‌ಗೆ ಹೋಗೋದೇ ಇಲ್ಲ, ವಾಟ್ಸಾಪ್ ಜಾವಾಸ್ಕ್ರಿಪ್ಟ್ ನಡೆಸಲ್ಲ. 300 ಲಿಂಕ್‌ಗೂ ಒಂದೇ ಪ್ರಿವ್ಯೂ ಬರುತ್ತೆ. ಪ್ರತಿ ಗಾದೆಗೂ ಬೇರೆ ಎಚ್‌ಟಿಎಂಎಲ್ ಫೈಲ್ ಬೇಕು, ಅದರ ತಲೆಯಲ್ಲಿ ಪ್ರಿವ್ಯೂಗೆ ಬೇಕಾದ ಮೆಟಾ ಟ್ಯಾಗ್‌ಗಳು: ‘ಓಜಿ ಟೈಟಲ್’ನಲ್ಲಿ ಗಾದೆ, ‘ಓಜಿ ಡಿಸ್ಕ್ರಿಪ್ಷನ್’ನಲ್ಲಿ ಅರ್ಥ. ಚಿತ್ರ ಹಾಕುವುದಾದರೆ 1200 × 630 ಪಿಕ್ಸೆಲ್, ಅದರ ವಿಳಾಸ ಪೂರ್ತಿ ಇರಬೇಕು, ಅರ್ಧ ವಿಳಾಸ ಕೊಟ್ಟರೆ ಚಿತ್ರ ಬರಲ್ಲ. ಕೈಯಲ್ಲಿ 300 ಫೈಲ್ ಬರೆಯಬೇಕಿಲ್ಲ. ಈಗ ಜೇಸನ್‌ಗೆ ನ್ಯಾಯವಾದ ಜಾಗ ಬಂತು: ಗಾದೆಗಳನ್ನು ಜೇಸನ್‌ನಲ್ಲಿಟ್ಟು, ಇಲೆವೆಂಟಿ ಥರದ ಸ್ಟ್ಯಾಟಿಕ್ ಸೈಟ್ ಜನರೇಟರ್‌ಗೆ ಒಂದು ಟೆಂಪ್ಲೇಟ್ ಕೊಟ್ಟರೆ ಅದು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಎಲ್ಲ ಪುಟಗಳನ್ನೂ ಹುಟ್ಟಿಸಿಕೊಡುತ್ತೆ. ಹಾಗಾಗಿ @ಬೆಂದಕಾಳೂರ್_ಡೆವ್ ಅವರ ಡೇಟಾ ಬೇರೆ, ಪುಟ ಬೇರೆ ಅನ್ನುವ ಮಾತು ಇಲ್ಲಿ ಪೂರ್ತಿ ಸರಿ, ಎರಡನ್ನೂ ಜೋಡಿಸುವ ಕೆಲಸ ಓದುಗರ ಫೋನಿನ ಬದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತೆ ಅಷ್ಟೇ. ಅದಕ್ಕೆ ಕೈ ಹಾಕುವ ಮುಂಚೆ ಉಳಿದ 260 ಗಾದೆಗಳ ಅನುಸ್ವಾರ ನೋಡಿಬಿಡಿ.

ಬೆಂದಕಾಳೂರ್_ಡೆವ್:

ಇಲೆವೆಂಟಿ ಒಪ್ಪಿದೆ. ಪ್ರಿವ್ಯೂ ಪರೀಕ್ಷಿಸುವಾಗ ವಾಟ್ಸಾಪ್ ಹಳೆಯದನ್ನೇ ತೋರಿಸಿದರೆ ಲಿಂಕ್ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ವಿ=2’ ಸೇರಿಸಿ ಕಳಿಸಿ ನೋಡಿ, ಹೊಸ ವಿಳಾಸ ಅಂದುಕೊಂಡು ಮತ್ತೆ ಓದುತ್ತೆ.